ಪೂಲು ಕಟ್ಟಿದವರು, ಪೂಲು ನೋಡಿದವರು

ಸೇತುವೆ ನಮ್ಮ ಸಾಹಿತ್ಯಕ್ಕೆ ಹೊಸ ವಸ್ತುವೇನೂ ಅಲ್ಲ. ರಾಮಾಯಣವನ್ನು ಯಾರೇ ಹೇಳಲಿ, ಯಾವ ಛಂದಸ್ಸಿನಲ್ಲಿಯೇ ಹೇಳಲಿ, ಕಡಲಿಗೆ ಕಟ್ಟೆ ಕಟ್ಟುವ ಪ್ರಸಂಗ ಬಂದೊಡನೆ ಕವಿಯ ಉತ್ಸಾಹ ಇಮ್ಮಡಿಯಾಗುತ್ತದೆ. ನಳನ ಕೈಚಳಕ, ಕಪಿಸೈನ್ಯದ ಸಡಗರ, ಅಳಿಲಿನ ಸೇವೆ ಇವೆಲ್ಲ ನಮಗೆ ಬಾಲ್ಯದಿಂದಲೂ ಪರಿಚಿತ. ಕಟ್ಟಿ ಮುಗಿದ ಮೇಲೆ ಆ ಸೇತುವೆಯನ್ನು ನೋಡಿಕೊಂಡವರು ಯಾರು, ಯಾವ ಬಂಡೆ ಸಡಿಲಿತು, ಯಾರು ಅದನ್ನು ಮತ್ತೆ ಕೂರಿಸಿದರು ಎಂಬುದನ್ನು ಕಾವ್ಯ ಹೇಳುವುದಿಲ್ಲ. ಹೇಳಬೇಕಾದ ಕಾರಣವೂ ಕಾವ್ಯಕ್ಕಿಲ್ಲ.

ಶಾಸನಗಳನ್ನು ಬರೆಯಿಸಿದವರಿಗೆ ಮಾತ್ರ ಈ ಪ್ರಶ್ನೆ ಹೊಳೆದಿತ್ತು. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರೆಲ್ಲರಿಗೂ ಅವುಗಳ ಕೊನೆಯ ಭಾಗ ಗೊತ್ತು. ಮಾಡಿದ ದತ್ತಿಯನ್ನು ಅಲ್ಲಿ ‘ಧರ್ಮಸೇತು’ ಎಂದು ಕರೆಯುತ್ತಾರೆ. ಮುಂದೆ ಬರುವ ಅರಸರೆಲ್ಲ ಅದನ್ನು ಕಾಲಕಾಲಕ್ಕೆ ಕಾಪಾಡಬೇಕೆಂದು ಬೇಡಿಕೊಳ್ಳುತ್ತಾರೆ. ಕೊಟ್ಟವನ ಪುಣ್ಯಕ್ಕಿಂತ ಕಾಯ್ದವನ ಪುಣ್ಯ ಮಿಗಿಲೆಂದು ಆಸೆಯನ್ನೂ ತೋರಿಸುತ್ತಾರೆ. ಕೆರೆ ಕಟ್ಟಿಸಿದವರು ಅದರ ಹೂಳು ತೆಗೆಯುವುದಕ್ಕೂ ಏರಿಯನ್ನು ದುರಸ್ತಿ ಮಾಡುವುದಕ್ಕೂ ಬಿತ್ತುವಟ್ಟವೆಂದು ಬೇರೆಯಾಗಿಯೇ ಆದಾಯ ಗೊತ್ತುಮಾಡಿದ ನಿದರ್ಶನಗಳು ನೂರಾರಿವೆ. ಕಟ್ಟುವುದು ಒಂದು ಕೆಲಸ, ಕಾಯುವುದು ಇನ್ನೊಂದು ಕೆಲಸ. ಎರಡನೆಯದಕ್ಕೆ ಬೇರೆ ಜನ, ಬೇರೆ ಹಣ, ಬೇರೆ ಹೊಣೆ ಬೇಕು ಎಂಬ ತಿಳಿವಳಿಕೆ ಇದರಲ್ಲಿದೆ.

ಈ ಹಳೆಯ ತಿಳಿವಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಡೆಯ ರೈಲು ಸೇತುವೆಗಳ ಕಥೆಯನ್ನು ನೋಡಬೇಕೆಂಬುದು ನನ್ನ ಇಂದಿನ ಉದ್ದೇಶ. ನನ್ನ ಊರು ಹತ್ತಿಮತ್ತೂರು. ರಾಷ್ಟ್ರಕೂಟರ ಕಾಲದ ಶಾಸನವುಳ್ಳ ಹಳೆಯ ಊರು ಅದು. ಬ್ರಿಟಿಷರ ಆಳಿಕೆಯಲ್ಲಿ ಧಾರವಾಡ ಜಿಲ್ಲೆಯ ಕರಜಗಿ ತಾಲೂಕಿಗೆ ಸೇರಿದ್ದುದು ಇಂದು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿದೆ. ಹುಬ್ಬಳ್ಳಿಯಿಂದ ಬರುವ ರೈಲು ಕರಜಗಿಯನ್ನು ಬಿಟ್ಟು ಹಾವೇರಿಯ ಕಡೆಗೆ ಹೊರಟಾಗ ವರದಾ ನದಿಯನ್ನು ದಾಟುತ್ತದೆ. ಮುಂದೆ ಹರಿಹರದ ಬಳಿ ತುಂಗಭದ್ರೆಯನ್ನು ದಾಟುತ್ತದೆ. ನಮ್ಮ ಜನ ಇವುಗಳನ್ನು ಪೂಲು ಎನ್ನುತ್ತಾರೆ. ಈ ಪೂಲುಗಳನ್ನು ಮೊದಲು ಕಟ್ಟಿಸಿದ್ದು ಅರಸನಲ್ಲ, ಸರಕಾರವೂ ಅಲ್ಲ. ಲಂಡನ್ನಿನಲ್ಲಿ ಷೇರು ಮಾರಿ ಹಣ ಕೂಡಿಸಿದ ಒಂದು ಕಂಪನಿ. ಕಂಪನಿಯ ಪೂಲಿನ ಮೇಲೆ ನಮ್ಮ ಅಜ್ಜ ಅಜ್ಜಿಯರು ಕೂತು ಹೋದರು. ಅದು ಗಟ್ಟಿಯಾಗಿದೆಯೇ ಇಲ್ಲವೇ ಎಂದು ಅವರ ಪರವಾಗಿ ನೋಡಿದವರು ಯಾರು?

ಮೊದಲು ಈ ಕಂಪನಿ ಬಂದ ಬಗೆಯನ್ನು ಹೇಳಬೇಕು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ದಕ್ಷಿಣ ಭಾರತವನ್ನು ಸುಟ್ಟ ಬರ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳನ್ನು ಕ್ರೂರವಾಗಿ ಕಾಡಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯಿರಲಿಲ್ಲ. ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತಿದ್ದವು. ಬರದ ಸೀಮೆಗಳಿಗೆ ರೈಲುದಾರಿ ಹಾಕಬೇಕೆಂಬ ಒತ್ತಾಯ ಅಲ್ಲಿಂದ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲಿಯೇ ಹೊಟಗಿಯಿಂದ ಗದಗಿಗೆ, ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಹರಿಹರಕ್ಕೆ ಮೀಟರ್‌ಗೇಜಿನ ಹಳಿ ಬಿದ್ದಿತು. ಮೈಸೂರು ಸಂಸ್ಥಾನದ ರೈಲ್ವೆಯನ್ನೂ ಅದೇ ಕಂಪನಿ ನಡೆಸತೊಡಗಿತು. ಸುಮಾರು 1890ರ ಹೊತ್ತಿಗೆ ಪುಣೆಯಿಂದ ಬೆಂಗಳೂರಿನವರೆಗೆ ಮೀಟರ್‌ಗೇಜಿನ ದಾರಿ ಒಂದಾಗಿತ್ತು.

ಈ ಕಂಪನಿಯ ಒಡೆತನ ಸ್ವಲ್ಪ ತೊಡಕಿನ ವಿಷಯ. ಹಣ ಕಂಪನಿಯ ಷೇರುದಾರರದು, ಆಡಳಿತ ಕಂಪನಿಯದು. ಆದರೆ ಹೂಡಿದ ಹಣಕ್ಕೆ ಬಡ್ಡಿಯ ಖಾತ್ರಿ ಸರಕಾರದ್ದು, ಕರಾರಿನ ಪ್ರಕಾರ ದಾರಿಯ ಕಡೆಯ ಹಕ್ಕೂ ಸರಕಾರದ್ದೇ. ಇದಕ್ಕಿಂತ ಮೂವತ್ತು ವರ್ಷ ಮೊದಲು, 1849ರಲ್ಲಿ, ಮುಂಬಯಿಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೊಡನೆ ಆದ ಕರಾರು ಇಂಥ ಏರ್ಪಾಟುಗಳಿಗೆ ಮೇಲ್ಪಂಕ್ತಿಯಾಗಿತ್ತು. ಅದರ ಪ್ರಕಾರ ನೆಲವನ್ನು ಸರಕಾರ ಬಿಟ್ಟಿ ಕೊಡಬೇಕು. ಷೇರುದಾರರಿಗೆ ನೂರಕ್ಕೆ 5ರಂತೆ ಲಾಭ ಬರದಿದ್ದರೆ ಕೊರತೆಯನ್ನು ಖಜಾನೆಯಿಂದ ತುಂಬಿಕೊಡಬೇಕು. ಖಜಾನೆಯೆಂದರೆ ರೈತನ ಕಂದಾಯ. ಗೆದ್ದರೆ ಕಂಪನಿಗೆ, ಸೋತರೆ ರೈತನಿಗೆ ಎಂದು ಇದನ್ನು ಸಂಗ್ರಹಿಸಿ ಹೇಳಬಹುದು.

ಇಷ್ಟು ಹೊಣೆ ಹೊತ್ತ ಸರಕಾರ ಸುಮ್ಮನೆ ಕೂರಲಿಲ್ಲ. ಪ್ರತಿಯೊಂದು ಪ್ರಾಂತದಲ್ಲಿಯೂ ‘ಕನ್ಸಲ್ಟಿಂಗ್ ಎಂಜಿನಿಯರ್’ ಎಂಬ ಅಧಿಕಾರಿಯನ್ನು ನೇಮಿಸಿತು. ಇವರು ಬಹುಮಟ್ಟಿಗೆ ಸೈನ್ಯದ ಎಂಜಿನಿಯರುಗಳು. ಕಂಪನಿಯ ನಕಾಶೆಗಳು, ಅಂದಾಜುಪಟ್ಟಿಗಳು, ಖರ್ಚಿನ ಲೆಕ್ಕಗಳು ಎಲ್ಲವೂ ಇವರ ಮೇಜಿನ ಮೇಲಿಂದ ಹಾದುಹೋಗಬೇಕು. ದಾರಿ ಜನರ ಪ್ರಯಾಣಕ್ಕೆ ಯೋಗ್ಯವಾಗಿದೆಯೆಂದು ನೋಡಿ ಹೇಳಬೇಕಾದವರೂ ಇವರೇ. ಇಲ್ಲಿಯೇ ನಮ್ಮ ಕಥೆಯ ಮೊದಲ ಗಂಟು ಇದೆ. ಒಬ್ಬನೇ ಮನುಷ್ಯ ಬೆಳಗ್ಗೆ ಖರ್ಚು ಕಡಿಮೆ ಮಾಡಿರೆಂದು ಕಂಪನಿಗೆ ಬರೆಯಬೇಕು. ಮಧ್ಯಾಹ್ನ ಕಂಬ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಗಟ್ಟಿಮಾಡಲು ಖರ್ಚು ಬೇಕು. ಆ ಖರ್ಚು ಹೆಚ್ಚಿದಷ್ಟೂ ಖಾತ್ರಿ ಕೊಟ್ಟ ಸರಕಾರದ ಹೊರೆ ಹೆಚ್ಚು. ನೋಡುವವನ ಒಡೆಯನಿಗೂ ಕಟ್ಟುವವನಿಗೂ ಹಣದ ನಂಟು ಕೂಡಿತ್ತು.

ಇದರ ಫಲವನ್ನು ಮುಂಬಯಿ ಪ್ರಾಂತ ಬೇಗ ಕಂಡಿತು. ಮುಂಬಯಿಯಿಂದ ಪುಣೆಗೆ ಏರುವ ಭೋರಘಾಟದ ರೈಲುದಾರಿ 1863ರ ಏಪ್ರಿಲ್‌ನಲ್ಲಿ ತೆರೆಯಿತು. ಅದು ಆ ಕಾಲದ ಒಂದು ಅದ್ಭುತ. ಸುರಂಗಗಳು, ಕಮಾನುಗಳ ಸಾಲು, ಎಂಜಿನ್ ದಿಕ್ಕು ಬದಲಿಸುವ ತಿರುವು ಇವನ್ನು ನೋಡಲೆಂದೇ ಜನ ಬರುತ್ತಿದ್ದರು. ಕಂಪನಿಯ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಅದು ತೆರೆಯುವ ಮುನ್ನವೇ 1862ರಲ್ಲಿ ತೀರಿಕೊಂಡಿದ್ದ. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಸತ್ತಾಗ ಅವನ ಹೆಂಡತಿ ಆಲಿಸ್ ಗುತ್ತಿಗೆಯ ಹೊಣೆಯನ್ನು ತಾನೇ ಹೊತ್ತು ಕೆಲಸ ಮುಗಿಸಿಕೊಟ್ಟಳು. ದಾರಿ ತೆರೆದು ನಾಲ್ಕು ವರ್ಷ ಕಳೆದಿತ್ತು. 1867ರ ಜುಲೈ ತಿಂಗಳ ಮಳೆಗಾಲದಲ್ಲಿ ಆ ಘಾಟದ ಮ್ಹಾವ್ ಕಿ ಮಲ್ಲಿ ಎಂಬಲ್ಲಿಯ ಎತ್ತರದ ಕಲ್ಲುಸೇತುವೆ ಕುಸಿದುಬಿತ್ತು. ತನಿಖೆ ನಡೆದಾಗ ಕಲ್ಲುಕಟ್ಟಡದ ಕೆಲಸವೇ ಕಳಪೆಯಾಗಿತ್ತೆಂಬುದು ಹೊರಬಿದ್ದಿತು. ಒಂದೇ ಸೇತುವೆಯ ದೋಷ ಅದಾಗಿರಲಿಲ್ಲ. ಅದೇ ಕಂಪನಿಯ ಬೇರೆ ಸೇತುವೆಗಳನ್ನು ನೋಡಹೋದಾಗ ಅಲ್ಲಿಯೂ ಕೊರತೆಗಳು ಕಂಡವು, ಹಲವನ್ನು ಮತ್ತೆ ಕಟ್ಟಬೇಕಾಯಿತು. ಇವೆಲ್ಲ ಸರಕಾರದ ಎಂಜಿನಿಯರನ ಒಪ್ಪಿಗೆಯ ವ್ಯವಸ್ಥೆಯಡಿಯಲ್ಲಿಯೇ ಎದ್ದು ನಿಂತವು ಎಂಬುದನ್ನು ಮರೆಯಬಾರದು. ಲೆಕ್ಕದ ಪುಸ್ತಕವನ್ನು ಕಾಸುಕಾಸಾಗಿ ನೋಡಿದ ಕಣ್ಣು ಗೋಡೆಯ ಒಳಗನ್ನು ನೋಡಿರಲಿಲ್ಲ.

ಇಂಗ್ಲೆಂಡಿನಲ್ಲಿ ಸ್ಥಿತಿ ಬೇರೆಯಾಗಿತ್ತು. ಅಲ್ಲಿಯ ರೈಲ್ವೆಗಳು ಅಪ್ಪಟ ಖಾಸಗಿಯವು. ಸರಕಾರ ಬಡ್ಡಿಯ ಖಾತ್ರಿ ಕೊಟ್ಟಿರಲಿಲ್ಲ. ಆದುದರಿಂದ ಅಲ್ಲಿಯ ಸರಕಾರಿ ತಪಾಸಣೆಗಾರನಿಗೆ ಖರ್ಚಿನ ಚಿಂತೆಯಿಲ್ಲ, ಸುರಕ್ಷಿತತೆಯೊಂದೇ ಚಿಂತೆ. 1840ರ ಕಾಯಿದೆ ವ್ಯಾಪಾರ ಮಂಡಳಿಗೆ ತಪಾಸಣೆಯ ಅಧಿಕಾರ ಕೊಟ್ಟಿತು. 1842ರ ಕಾಯಿದೆ ದಾರಿ ತೆರೆಯುವುದನ್ನು ತಡೆಹಿಡಿಯುವ ಅಧಿಕಾರವನ್ನೂ ಕೊಟ್ಟಿತು. ಆದರೂ 1847ರಲ್ಲಿ ಚೆಸ್ಟರ್ ಪಟ್ಟಣದ ಬಳಿ ಡೀ ನದಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಎಂಬ ದೊಡ್ಡ ಎಂಜಿನಿಯರ್ ಕಟ್ಟಿಸಿದ ಎರಕಬ್ಬಿಣದ ಸೇತುವೆ ರೈಲಿನ ಕೆಳಗೆ ಮುರಿದು 5 ಮಂದಿ ಸತ್ತರು. ಅದಕ್ಕಿಂತ ದೊಡ್ಡ ಪಾಠ 1879ರಲ್ಲಿ ಬಂದಿತು. ನಮ್ಮ ಕಡೆಯ ಪೂಲುಗಳು ಇನ್ನೂ ಕಾಗದದ ಮೇಲೂ ಬಂದಿರದ ಆ ಹೊತ್ತಿನಲ್ಲಿ ಸ್ಕಾಟ್‌ಲೆಂಡಿನ ಟೇ ನದಿಯ ಮುಖದಲ್ಲಿ ನಡೆದ ಈ ದುರಂತ ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗಿದೆ.

ಟೇ ಸೇತುವೆ ಸುಮಾರು ಎರಡು ಮೈಲು ಉದ್ದ. ಕಟ್ಟಿಸಿದವನು ಥಾಮಸ್ ಬೌಚ್. 1878ರ ಫೆಬ್ರವರಿಯಲ್ಲಿ ಸರಕಾರದ ತಪಾಸಣೆಗಾರ ಮೇಜರ್ ಜನರಲ್ ಹಚಿನ್ಸನ್ ಮೂರು ದಿನ ಅದನ್ನು ಪರೀಕ್ಷಿಸಿದ. ಆರು ಎಂಜಿನುಗಳನ್ನು ಒಟ್ಟಿಗೆ ಜೋಡಿಸಿ ಅದರ ಮೇಲೆ ಓಡಿಸಿ ನೋಡಿದ. ವೇಗ ಗಂಟೆಗೆ 25 ಮೈಲು ಮೀರಬಾರದೆಂದು ಹೇಳಿ ಒಪ್ಪಿಗೆ ಕೊಟ್ಟ. ಮತ್ತೊಮ್ಮೆ ಬಂದಾಗ ಜೋರು ಗಾಳಿಯಲ್ಲಿ ರೈಲು ಹೋಗುವಾಗ ಏನಾಗುತ್ತದೆಂದು ನೋಡಬೇಕೆಂಬ ಇಚ್ಛೆಯನ್ನು ವರದಿಯಲ್ಲಿ ಬರೆದಿದ್ದ. ಜೂನ್‌ನಲ್ಲಿ ಸೇತುವೆ ತೆರೆಯಿತು. ಮರುವರ್ಷ ವಿಕ್ಟೋರಿಯಾ ರಾಣಿ ಅದನ್ನು ದಾಟಿ ಬೌಚನಿಗೆ ಸರ್ ಪದವಿ ದಯಪಾಲಿಸಿದಳು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ನಡುವಿನ ಎತ್ತರದ ಗರ್ಡರುಗಳು ರೈಲನ್ನೂ ಕೂಡಿಕೊಂಡು ನೀರಿಗೆ ಬಿದ್ದವು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಸತ್ತವರು ಸುಮಾರು 75 ಎಂದು ಆಗ ಎಣಿಸಿದರು. ತಪಾಸಣೆಗಾರ ನೋಡಬೇಕೆಂದಿದ್ದ ಗಾಳಿ ಅವನಿಲ್ಲದಾಗ ಬೀಸಿತು.

ತನಿಖೆಯಲ್ಲಿ ತಿಳಿದ ಸಂಗತಿಗಳು ಇನ್ನೂ ಮನಕಲಕುವಂಥವು. ಎರಕದ ಕಂಬಗಳಲ್ಲಿ ಬಿದ್ದ ರಂಧ್ರಗಳನ್ನು ಮೇಣ, ಕಬ್ಬಿಣದ ಪುಡಿ ಮೊದಲಾದವನ್ನು ಕಲಸಿ ಮುಚ್ಚಿ, ಮೇಲೆ ಬಣ್ಣ ಬಳಿದಿದ್ದರು. ಹೊರಗಿನಿಂದ ನೋಡುವವನಿಗೆ ಕಂಬ ಅಖಂಡವಾಗಿ ಕಾಣುತ್ತಿತ್ತು. ದಿನನಿತ್ಯ ಸೇತುವೆಯನ್ನು ನೋಡಿಕೊಳ್ಳಲು ಹೆನ್ರಿ ನೋಬಲ್ ಎಂಬವನನ್ನು ಇಟ್ಟಿದ್ದರು. ಅವನು ಇಟ್ಟಿಗೆ ಗಾರೆ ಬಲ್ಲವನು, ಕಬ್ಬಿಣದ ಕೆಲಸ ಬಲ್ಲವನಲ್ಲ. ಕಂಬಗಳನ್ನು ಬಿಗಿಯುವ ಪಟ್ಟಿಗಳು ಸಡಿಲಾಗಿ ಗಡಗಡ ಎನ್ನುವುದು ಅವನ ಕಿವಿಗೆ ಬಿದ್ದಿತು. ಪ್ರಾಮಾಣಿಕ ಮನುಷ್ಯ, ತನ್ನ ಬುದ್ಧಿಗೆ ತೋಚಿದಂತೆ ಕಬ್ಬಿಣದ ಚೂರುಗಳನ್ನು ಸಂದಿಗೆ ಸೇರಿಸಿ ಸದ್ದು ನಿಲ್ಲಿಸಿದ. ಬೌಚನಿಗೆ ತಿಳಿಸಲಿಲ್ಲ. ಸರಕಾರಿ ಕಣ್ಣು ಮೂರು ದಿನ ನೋಡಿ ಹೋಯಿತು. ಕಂಪನಿಯ ಕಣ್ಣು ಪ್ರತಿದಿನ ನೋಡಿತು, ಆದರೆ ಕಂಡದ್ದೇನೆಂದು ಅರಿಯಲಿಲ್ಲ. ಈ ಎರಡರ ನಡುವಿನ ಬಿರುಕಿನಲ್ಲಿ ರೈಲು ಬಿದ್ದಿತು.

ಸೇತುವೆಯ ಸುರಕ್ಷಿತತೆಗೆ ಎರಡು ಬಗೆಯ ನೋಟ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಒಂದು ಹತ್ತಿರದ್ದು, ನಿತ್ಯದ್ದು. ಅದು ಒಡೆಯನ ಕರ್ತವ್ಯ. ಇನ್ನೊಂದು ದೂರದ್ದು, ಸ್ವತಂತ್ರವಾದದ್ದು. ಅದು ಸರಕಾರದ ಕರ್ತವ್ಯ. ಮೊದಲನೆಯದರಲ್ಲಿ ಬಲ್ಲತನವಿಲ್ಲದಿದ್ದರೂ ಎರಡನೆಯದರಲ್ಲಿ ಸ್ವಾತಂತ್ರ್ಯವಿಲ್ಲದಿದ್ದರೂ ಅನಾಹುತವೇ.

ಭಾರತದಲ್ಲಿ 1879ರ ಕಾಯಿದೆ, ಆಮೇಲೆ 1890ರ ರೈಲ್ವೆ ಕಾಯಿದೆ ಬಂದವು. 1890ರ ಕಾಯಿದೆ ಸರಕಾರಿ ತಪಾಸಣೆಗಾರರ ಕೆಲಸವನ್ನು ಸ್ಪಷ್ಟವಾಗಿ ವಿಂಗಡಿಸಿ ಹೇಳಿತು. ಹೊಸ ದಾರಿ ಜನರ ಪ್ರಯಾಣಕ್ಕೆ ಯೋಗ್ಯವೇ ಎಂದು ಪರೀಕ್ಷಿಸುವುದು, ಬಳಕೆಯಲ್ಲಿರುವ ದಾರಿಗಳನ್ನು ಕಾಲಕಾಲಕ್ಕೆ ನೋಡುವುದು, ಅಪಘಾತವಾದರೆ ತನಿಖೆ ಮಾಡುವುದು. ಅಪಾಯವೆಂದು ಕಂಡರೆ ತೆರೆದ ದಾರಿಯನ್ನೂ ಮುಚ್ಚಿಸುವ ಅಧಿಕಾರ ಸರಕಾರಕ್ಕೆ ಬಂದಿತು. ಒಡೆತನ ಯಾರದೇ ಇರಲಿ, ಒಪ್ಪಿಗೆ ಸಿಗದೆ ಪ್ರಯಾಣಿಕರನ್ನು ಕೂರಿಸುವಂತಿರಲಿಲ್ಲ. ಕಂಪನಿಯಾದರೂ ಅಷ್ಟೇ, ಸಂಸ್ಥಾನವಾದರೂ ಅಷ್ಟೇ.

ನಿತ್ಯದ ನೋಟದ ಬಗ್ಗೆಯೂ ನಮ್ಮ ನಾಡಿನ ಜನಕ್ಕೆ ಸ್ವಲ್ಪ ಹೇಳಬೇಕು, ಏಕೆಂದರೆ ಆ ಕೆಲಸ ಮಾಡಿದವರು ನಮ್ಮ ಹಳ್ಳಿಗಳವರೇ. ನಾನು ಚಿಕ್ಕವನಿದ್ದಾಗ, 1960ರ ದಶಕದ ಕೊನೆಯ ವರ್ಷಗಳಲ್ಲಿ, ಕರಜಗಿಯ ಕಡೆ ಮೀಟರ್‌ಗೇಜಿನ ಉಗಿಬಂಡಿಗಳು ಓಡುತ್ತಿದ್ದವು. ವರದೆಯಲ್ಲಿ ಕೆಂಪು ನೀರು ಬಂದ ದಿನಗಳಲ್ಲಿ ಹಳಿಯುದ್ದಕ್ಕೂ ಕಂಬಳಿ ಕೊಪ್ಪೆ ಹಾಕಿದ ಗ್ಯಾಂಗ್‌ಮನ್ನುಗಳು ಕಂದೀಲು ಹಿಡಿದು ಇಡೀ ರಾತ್ರಿ ನಡೆಯುವುದನ್ನು ಕಂಡಿದ್ದೇನೆ. ಅವರ ಚೀಲದಲ್ಲಿ ಹಳಿಗೆ ಕಟ್ಟುವ ಸಿಡಿಗಳಿರುತ್ತಿದ್ದವು. ಮುಂದೆ ಅಪಾಯ ಕಂಡರೆ ಅವನ್ನು ಹಳಿಯ ಮೇಲೆ ಕಟ್ಟಬೇಕು. ಎಂಜಿನ್ನಿನ ಚಕ್ರ ಹಾಯ್ದಾಗ ಸದ್ದಾಗಿ ಚಾಲಕ ಗಾಡಿ ನಿಲ್ಲಿಸುತ್ತಾನೆ. ಪೂಲಿನ ಕಂಬದ ಮೇಲೆ ನೀರಿನ ಮಟ್ಟ ತೋರಿಸುವ ಗುರುತುಗಳಿರುತ್ತವೆ. ಅಪಾಯದ ಗೆರೆ ಮುಟ್ಟಿದರೆ ಗಾಡಿಯನ್ನು ತಡೆಯಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಪೂಲುಗಳನ್ನು ನೋಡಿ ದಫ್ತರಿನಲ್ಲಿ ಬರೆಯಬೇಕು. ಕಂಬದ ಬುಡದ ಮಣ್ಣನ್ನು ಪ್ರವಾಹ ಕೊರೆದಿದೆಯೇ, ಗಾರೆ ಬಿಟ್ಟಿದೆಯೇ, ಗರ್ಡರಿನ ರಿವೆಟ್ಟು ಸಡಿಲಿದೆಯೇ, ಗರ್ಡರು ಕೂರುವ ಪೀಠ ಕದಲಿದೆಯೇ ಎಂದು ಒಂದೊಂದನ್ನೂ ನೋಡಬೇಕು. ರಿವೆಟ್ಟಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದದ್ದು ಒಂದು ಸದ್ದು ಕೊಡುತ್ತದೆ, ಸಡಿಲಾದದ್ದು ಇನ್ನೊಂದು ಸದ್ದು ಕೊಡುತ್ತದೆ. ಕುಂಬಾರನ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವ ನಮ್ಮ ಹೆಣ್ಣುಮಕ್ಕಳಿಗೆ ಈ ಶಾಸ್ತ್ರ ತಿಳಿಯದ್ದೇನಲ್ಲ. ಈ ಕೂಲಿಗಾರರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಇನ್ನು ಸರಕಾರದ ಕಣ್ಣಿನ ಸ್ವಾತಂತ್ರ್ಯದ ವಿಷಯ. 1905ರಲ್ಲಿ ರೈಲ್ವೆ ಬೋರ್ಡ್ ಸ್ಥಾಪನೆಯಾಯಿತು. ತಪಾಸಣೆಗಾರರು ಅದರ ಅಧೀನಕ್ಕೆ ಬಂದರು. 1908ರಲ್ಲಿ ಸದರ್ನ್ ಮರಾಠಾ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯಾಯಿತು. ಹಿರಿಯರ ಬಾಯಲ್ಲಿ ಅದು ಎಂ.ಎಸ್.ಎಂ. ಮುಂದೆ ದೇಶದ ಕೆಲವು ಕಂಪನಿಗಳ ಆಡಳಿತವನ್ನು ಸರಕಾರ ತಾನೇ ವಹಿಸಿಕೊಳ್ಳತೊಡಗಿತು. ಹೀಗೆ ರೈಲು ನಡೆಸುವುದೂ ಬೋರ್ಡಿನ ಕೆಲಸ, ರೈಲನ್ನು ತಪಾಸಿಸುವವರೂ ಬೋರ್ಡಿನ ಕೈಕೆಳಗಿನವರು ಎಂಬಂತಾಯಿತು. ಬೇಲಿಯನ್ನೂ ಹೊಲವನ್ನೂ ಒಬ್ಬನೇ ಗುತ್ತಿಗೆಗೆ ಹಿಡಿದಂತೆ.

1937ರ ಜುಲೈ 17ರಂದು ಬಿಹಾರದ ಬಿಹ್ಟಾ ಬಳಿ ರೈಲು ಹಳಿ ತಪ್ಪಿ ನೂರಕ್ಕೂ ಹೆಚ್ಚು ಮಂದಿ ಸತ್ತಾಗ ಈ ಪ್ರಶ್ನೆ ಹೊತ್ತಿ ಉರಿಯಿತು. ಅಲ್ಲಿ ಶಂಕೆಗೆ ಗುರಿಯಾದದ್ದು ಎಕ್ಸ್.ಬಿ. ಎಂಬ ಎಂಜಿನುಗಳು. ಅವು ಬಂದದ್ದು ಬೋರ್ಡಿನ ಒಪ್ಪಿಗೆಯಿಂದ. ಬೋರ್ಡಿನ ಆಯ್ಕೆಯ ತಪ್ಪೊಪ್ಪುಗಳನ್ನು ಬೋರ್ಡಿನ ನೌಕರ ಹೇಗೆ ಹೇಳಿಯಾನು? ಇಂಗ್ಲೆಂಡಿನ ಮುಖ್ಯ ತಪಾಸಣೆಗಾರ ಕರ್ನಲ್ ಮೌಂಟ್ ಅವರ ಅಧ್ಯಕ್ಷತೆಯ ಸಮಿತಿ ಬಂದು ವಿಚಾರಿಸಿ, ತಪಾಸಣೆಯ ಇಲಾಖೆಯನ್ನು ರೈಲ್ವೆ ಬೋರ್ಡಿನಿಂದ ಬೇರ್ಪಡಿಸುವುದು ಅಗತ್ಯವೆಂದು ಹೇಳಿತು. ದಿಲ್ಲಿಯ ಶಾಸನಸಭೆಗಳೂ ಒಪ್ಪಿದವು. 1941ರ ಮೇ ತಿಂಗಳಿನಲ್ಲಿ ರೈಲ್ವೆ ತಪಾಸಣೆ ಅಂಚೆ ಮತ್ತು ವಿಮಾನಯಾನದ ಇಲಾಖೆಗೆ ಹೋಯಿತು. ರೈಲಿಗೂ ಅಂಚೆಗೂ ವಿಮಾನಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಸಂಬಂಧವಿಲ್ಲವೆಂಬುದೇ ಅದರ ಗುಣ. ರೈಲಿನ ಲಾಭ ನಷ್ಟದಲ್ಲಿ ಪಾಲಿಲ್ಲದ ಮನೆಯನ್ನು ಹುಡುಕಿ ಆ ಕಣ್ಣನ್ನು ಅಲ್ಲಿ ಇಟ್ಟರು.

ಇದಾದ ಮೂರೇ ವರ್ಷಕ್ಕೆ, 1944ರ ಏಪ್ರಿಲ್ 1ರಂದು, ಸರಕಾರ ಎಂ.ಎಸ್.ಎಂ. ರೈಲ್ವೆಯನ್ನು ಕೊಂಡುಕೊಂಡಿತು. ವರದೆಯ ಪೂಲಿನಿಂದ ಕಂಪನಿಯ ಹೆಸರು ಅಳಿಸಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಯಾಯಿತು. ಹುಬ್ಬಳ್ಳಿ 1966ರಿಂದ ದಕ್ಷಿಣ ಮಧ್ಯ ರೈಲ್ವೆಯಲ್ಲಿದ್ದು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಖಾಸಗಿ ಒಡೆತನ ಹೋಗಿ ಸರಕಾರದ ಒಡೆತನ ಬಂದುದರಿಂದ ಸೇತುವೆಗಳ ಅಪಾಯ ತಪ್ಪಿತೆಂದು ನಂಬಿದವರೂ ಇದ್ದರು. ಇತಿಹಾಸ ಹಾಗೆ ಹೇಳುವುದಿಲ್ಲ. 1956ರ ಸೆಪ್ಟೆಂಬರ್‌ನಲ್ಲಿ ಮಹಬೂಬನಗರದ ಬಳಿ ಸೇತುವೆ ಕುಸಿದು ನೂರಕ್ಕೂ ಮಿಕ್ಕಿ ಜನ ಸತ್ತರು. ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ಇನ್ನೂ ಹೆಚ್ಚು ಜನ ಸತ್ತರು. ಮೊದಲ ಸಲವೇ ರಾಜೀನಾಮೆ ಕೊಡಹೋದ ರೈಲ್ವೆ ಸಚಿವ ಲಾಲ್ ಬಹಾದೂರ್ ಶಾಸ್ತ್ರಿಗಳು ಎರಡನೆಯ ಸಲ ಅಧಿಕಾರ ಬಿಟ್ಟರು. ಶಾಸ್ತ್ರಿಗಳ ಆ ನಡತೆಯನ್ನು ನಾವು ಇಂದಿಗೂ ಹೊಗಳುತ್ತೇವೆ, ಹೊಗಳತಕ್ಕದ್ದೇ. ಆದರೆ ಸಚಿವರ ನೈತಿಕ ಹೊಣೆಯನ್ನು ನೆನೆಯುವಾಗ ಆ ಸೇತುವೆಗಳ ಬುಡವನ್ನು ಅದಕ್ಕೆ ಮುನ್ನ ಯಾರು ನೋಡಿದ್ದರು, ಏನು ಬರೆದಿದ್ದರು ಎಂದು ಕೇಳುವ ಅಭ್ಯಾಸವೂ ನಮಗೆ ಬರಬೇಕಾಗಿತ್ತು.

ತಪಾಸಣೆಯ ಇಲಾಖೆ 1961ರಲ್ಲಿ ‘ರೈಲ್ವೆ ಸುರಕ್ಷತಾ ಆಯೋಗ’ವೆಂದು ಹೆಸರು ಬದಲಿಸಿಕೊಂಡಿತು, ಇಂದು ನಾಗರಿಕ ವಿಮಾನಯಾನ ಸಚಿವಾಲಯದಲ್ಲಿದೆ. ನಮ್ಮ ಬೆಂಗಳೂರಿನಲ್ಲಿಯೂ ಅದರ ಒಬ್ಬ ಆಯುಕ್ತರಿದ್ದಾರೆ. ಬೇರೆ ಮನೆಯಲ್ಲಿದ್ದ ಮಾತ್ರಕ್ಕೆ ಜನರ ನಂಬಿಕೆ ತಾನಾಗಿ ಬರುವುದಿಲ್ಲ. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟ ಐಲೆಂಡ್ ಎಕ್ಸ್‌ಪ್ರೆಸ್ ಕೇರಳದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕಾಯಲಿಗೆ ಬಿದ್ದು 105 ಮಂದಿ ಸತ್ತರು. ಸುಂಟರಗಾಳಿ ಕಾರಣವೆಂದು ಆಯುಕ್ತರ ತನಿಖೆ ಹೇಳಿತು. ಆ ತೀರದ ಜನ ಒಪ್ಪಲಿಲ್ಲ. ಅಂಥ ಗಾಳಿಯನ್ನು ತಾವು ಕಾಣಲಿಲ್ಲವೆಂದರು. ಮತ್ತೊಂದು ತನಿಖೆ ನಡೆಯಬೇಕಾಯಿತು. ಯಾರು ಸರಿಯೆಂದು ನಿರ್ಣಯಿಸುವ ಪಾಂಡಿತ್ಯ ಸಾಹಿತ್ಯ ಓದಿದ ನನಗಿಲ್ಲ. ಕಣ್ಣು ಸ್ವತಂತ್ರವಾಗಿದ್ದರೆ ಸಾಲದು, ಅದು ಕಂಡದ್ದು ಜನರಿಗೂ ಕಾಣುವಂತಿರಬೇಕು ಎಂಬುದಷ್ಟನ್ನು ಹೇಳಬಲ್ಲೆ.

ಖಾಸಗಿ ರೈಲ್ವೆಯ ಕಾಲ ಮುಗಿದುಹೋದ ಕಥೆಯಾಗಿದ್ದರೆ ನಾನು ಇಷ್ಟು ವಿಸ್ತರಿಸುತ್ತಿರಲಿಲ್ಲ. ಅದು ಬೇರೆ ವೇಷದಲ್ಲಿ ಮತ್ತೆ ಬಂದಿದೆ. 2003ರಲ್ಲಿ ಹಾಸನ–ಮಂಗಳೂರು ದಾರಿಯನ್ನು ಬ್ರಾಡ್‌ಗೇಜಿಗೆ ಬದಲಿಸಲು ಒಂದು ಕಂಪನಿಯನ್ನೇ ಸ್ಥಾಪಿಸಿದರು. ರೈಲ್ವೆ ಇಲಾಖೆ, ಕರ್ನಾಟಕ ಸರಕಾರಗಳೊಡನೆ ಇತರರೂ ಅದರಲ್ಲಿ ಬಂಡವಾಳ ಹೂಡಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗ, 109 ಸೇತುವೆ. 2006ರಲ್ಲಿ ಸರಕಿನ ಗಾಡಿಗಳು ಓಡಿದವು. ಪ್ರಯಾಣಿಕರ ಗಾಡಿ ಓಡಲು 2007ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. 1890ರ ಕಾಯಿದೆಯ ಸ್ಥಾನದಲ್ಲಿ ಬಂದ 1989ರ ರೈಲ್ವೆ ಕಾಯಿದೆ ‘ಸರಕಾರದ್ದಲ್ಲದ ರೈಲ್ವೆ’ ಎಂಬ ಮಾತನ್ನು ಉಳಿಸಿಕೊಂಡಿದೆ. ಅಂಥದಕ್ಕೂ ಅದೇ ಪರೀಕ್ಷೆ, ಅದೇ ಒಪ್ಪಿಗೆ. ಇದು ಸಮಾಧಾನದ ಸಂಗತಿ. ಆದರೆ ಒಪ್ಪಿಗೆಯ ಈ ನಿಯಮ ಜನರ ಪ್ರಯಾಣಕ್ಕೆ ತೆರೆಯುವ ದಾರಿಗೆ ಸಂಬಂಧಿಸಿದ್ದು ಎಂಬುದನ್ನು ಗಮನಿಸಬೇಕು. ಗಣಿಗೆ, ಉಕ್ಕಿನ ಕಾರ್ಖಾನೆಗೆ, ಬಂದರಿಗೆ ಸರಕು ಮಾತ್ರ ಸಾಗಿಸುವ ಖಾಸಗಿ ಸೈಡಿಂಗುಗಳು ಆ ಮಾತಿನ ಹೊರಗೆ ಉಳಿಯುತ್ತವೆ. ಅಲ್ಲಿ ಕೂತು ಹೋಗುವವರು ಇಲ್ಲದಿರಬಹುದು. ಎಂಜಿನ್ನಿನ ಚಾಲಕನಿದ್ದಾನೆ, ಪೂಲಿನ ಕೆಳಗೆ ಹಾಯುವ ದನಗಾಹಿಯಿದ್ದಾನೆ, ನದಿಯ ನೀರು ಕುಡಿಯುವ ಊರುಗಳಿವೆ.

ಈ ಮಾತು ಉತ್ಪ್ರೇಕ್ಷೆಯಲ್ಲ ಎಂಬುದಕ್ಕೆ ಅಮೆರಿಕದತ್ತ ನೋಡಬೇಕು. ಅಲ್ಲಿಯ ಸರಕು ರೈಲ್ವೆಗಳು ಬಹುಪಾಲು ಖಾಸಗಿ. ಹತ್ತಾರು ಸಾವಿರ ಸೇತುವೆಗಳು ಕಂಪನಿಗಳ ಸ್ವಂತ ಆಸ್ತಿ. 2008ರ ಕಾನೂನನ್ನು ಅನುಸರಿಸಿ 2010ರಲ್ಲಿ ಒಂದು ನಿಯಮ ಮಾಡಿದರು: ಪ್ರತಿಯೊಬ್ಬ ಒಡೆಯನೂ ತನ್ನ ಸೇತುವೆಗಳ ಪಟ್ಟಿಯಿಡಬೇಕು, ಅವು ಹೊರುವ ಭಾರವನ್ನು ಬಲ್ಲ ಎಂಜಿನಿಯರನಿಂದ ಲೆಕ್ಕ ಹಾಕಿಸಬೇಕು, ವರ್ಷಕ್ಕೊಮ್ಮೆ ನೋಡಿಸಬೇಕು. ಸರಕಾರ ಸೇತುವೆಯನ್ನು ನೋಡುವುದಕ್ಕಿಂತ ಹೆಚ್ಚಾಗಿ ಒಡೆಯ ನೋಡಿದನೇ ಎಂಬುದನ್ನು ನೋಡುತ್ತದೆ. ಸರಕಾರದ ಸೇತುವೆ ತಜ್ಞರು ಬೆರಳಿನಲ್ಲಿ ಎಣಿಸುವಷ್ಟೇ ಮಂದಿ. ಸೇತುವೆಯ ಕೆಳಗೆ ವಾಸಿಸುವ ಊರಿನವರು ವರದಿ ಕೇಳಿದರೆ ಸಿಗುತ್ತಿರಲಿಲ್ಲ. ಸ್ಥಳೀಯ ಆಡಳಿತಗಳು ಕೇಳಿ ಪಡೆಯುವ ಹಕ್ಕು 2015ರ ಕಾನೂನಿನಿಂದ ಬಂದಿತು. 2023ರ ಜೂನ್‌ನಲ್ಲಿ ಮೊಂಟಾನಾ ರಾಜ್ಯದ ಯೆಲ್ಲೋಸ್ಟೋನ್ ನದಿಯ ಮೇಲಿನ ಅಂಥ ಒಂದು ಸೇತುವೆ ಕುಸಿದು ಡಾಂಬರು ತುಂಬಿದ ವ್ಯಾಗನ್ನುಗಳು ನೀರಿಗೆ ಬಿದ್ದವು. ಯಾರೂ ಸಾಯಲಿಲ್ಲ, ನದಿ ಮಾತ್ರ ಡಾಂಬರನ್ನು ಹೊತ್ತುಕೊಂಡು ಹರಿಯಿತು.

ನಮ್ಮಲ್ಲಿಯೇ 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯ ತೂಗುಸೇತುವೆ ಹರಿದು 135 ಮಂದಿ ಸತ್ತರು. ಅದು ರೈಲಿನದಲ್ಲ, ಕಾಲ್ನಡಿಗೆಯದು; ಆದರೆ ಪಾಠ ಒಂದೇ. ಸೇತುವೆ ಊರಿನದು, ನಿರ್ವಹಣೆ ಒಂದು ಖಾಸಗಿ ಸಂಸ್ಥೆಯದು. ದುರಸ್ತಿಯಾಯಿತೆಂದು ಹೇಳಿ ತೆರೆದು ನಾಲ್ಕು ದಿನವಾಗಿತ್ತು. ಯೋಗ್ಯತೆಯ ಪ್ರಮಾಣಪತ್ರ ತಾನು ಕೊಟ್ಟಿರಲಿಲ್ಲವೆಂದು ಪುರಸಭೆ ಆಮೇಲೆ ಹೇಳಿತು. 1890ರಲ್ಲಿಯೇ ರೈಲು ಸೇತುವೆಗೆ ಇದ್ದ ಕಟ್ಟುಪಾಡು ಆ ಸೇತುವೆಯ ಮುಂದೆ ಗೋಡೆಯಾಗಿ ನಿಲ್ಲಲಿಲ್ಲ.

ಇಷ್ಟನ್ನು ನೋಡಿದ ಮೇಲೆ ಖಾಸಗಿಯೋ ಸರಕಾರಿಯೋ ಎಂಬ ವಾದದಲ್ಲಿಯೇ ನಾವು ಸುತ್ತುತ್ತಿರುವುದು ನನಗೆ ಸರಿತೋರುವುದಿಲ್ಲ. ಭೋರಘಾಟದ ಸೇತುವೆ ಕಂಪನಿಯದು, ಅರಿಯಲೂರಿನದು ಸರಕಾರದ್ದು; ಎರಡೂ ಬಿದ್ದವು. ಒಡೆಯನಿಗೆ ತನ್ನ ಆಸ್ತಿಯ ಮೇಲೆ ಅಭಿಮಾನವಿರುತ್ತದೆ, ಖರ್ಚಿನ ಹೆದರಿಕೆಯೂ ಇರುತ್ತದೆ. ಕಂಪನಿಗೂ ಇದು ಸಹಜ, ಸರಕಾರಕ್ಕೂ ಸಹಜ. ಆದ್ದರಿಂದ ಒಡೆಯನ ಸಂಬಳ ತಿನ್ನದ ಒಬ್ಬನು ಬಂದು ನೋಡಬೇಕು. ಬೇಡವೆನ್ನುವ ಅಧಿಕಾರ ಅವನಿಗಿರಬೇಕು. ಅವನು ಬರೆದದ್ದು ಪೂಲಿನ ಮೇಲೆ ಹೋಗುವವರಿಗೂ ಕೆಳಗೆ ಬಾಳುವವರಿಗೂ ಅವರ ಭಾಷೆಯಲ್ಲಿ ಓದಲು ಸಿಗಬೇಕು. ಇವಲ್ಲದೆ ಹೆನ್ರಿ ನೋಬಲ್‌ನಂಥ ನಿತ್ಯದ ಕಾವಲುಗಾರನಿಗೆ ತಕ್ಕ ವಿದ್ಯೆಯೂ, ಕೇಳಿದ ಸದ್ದನ್ನು ಮೇಲಿನವರಿಗೆ ಹೇಳುವ ಧೈರ್ಯವೂ ಬರುವಂತೆ ನೋಡಿಕೊಳ್ಳಬೇಕು.

ನಮ್ಮ ಕಡೆ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದೆ, ಈಚಿನ ವರ್ಷಗಳಲ್ಲಿ ಜೋಡಿ ಹಳಿಯ ಕೆಲಸವೂ ನಡೆದಿದೆ. ಹೊಸ ಪೂಲುಗಳ ಉದ್ಘಾಟನೆಗೆ ಹೂಮಾಲೆ, ಭಾಷಣ, ಕಲ್ಲಿನ ಮೇಲೆ ಹೆಸರು ಎಲ್ಲವೂ ಇರುತ್ತವೆ. ಆ ಕಲ್ಲಿನ ಮೇಲೆ ಕಟ್ಟಿಸಿದವರ ಹೆಸರಿನ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಬಹುದು: ಇದನ್ನು ಕಳೆದ ಸಲ ಯಾವಾಗ ನೋಡಿದರು, ಮುಂದಿನ ಸಲ ಯಾವಾಗ ನೋಡುತ್ತಾರೆ ಎಂದು. ಶಾಸನಗಳನ್ನು ಬರೆಯಿಸಿದ ನಮ್ಮ ಹಿರಿಯರು ಕಾಯುವವನಿಗಾಗಿ ಕಲ್ಲಿನ ಕೊನೆಯ ಸಾಲುಗಳನ್ನು ಮೀಸಲಿಟ್ಟಿದ್ದರು. ಅವರಿಗೆ ಸಾಧ್ಯವಾದದ್ದು ನಮಗೆ ಕಷ್ಟವಾಗಬಾರದು.